ಮುಲುಂಡಿನ ಭಾವನ ಗೇಮ್ ಡಬ್ಬಿ: ಎಲ್ಲಿಯವರೆಗೆ ಎಳೆಯುತ್ತೆ, ಎಲ್ಲಿ ಸುಸ್ತಾಗುತ್ತೆ

ಹಳೇ ವಿಡಿಯೊ ಗೇಮ್ ಆಡಲೆಂದು ಕೈಯಲ್ಲಿ ಹಿಡಿಯುವ ಡಬ್ಬಿ, ಅಂದರೆ ಹ್ಯಾಂಡ್‌ಹೆಲ್ಡ್ ಒಂದರ ರಿಪೇರಿಯ ಕತೆ ಇದು. ಮೊದಲು ಅದರ ಒಳಗೆ ಏನಿದೆ ಅಂತ ಹೇಳಿಬಿಡುತ್ತೇನೆ. ರಾಕ್‌ಚಿಪ್ ಆರ್‌ಕೆ3326 ಚಿಪ್, ಅದರಲ್ಲಿ 1.3 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಓಡುವ ನಾಲ್ಕು ಕಾರ್ಟೆಕ್ಸ್-ಎ35 ಕೋರ್‌ಗಳು, ಮಾಲಿ-ಜಿ31 ಗ್ರಾಫಿಕ್ಸ್, 1 ಜಿಬಿ ರ‍್ಯಾಮ್, ಮೂರೂವರೆ ಇಂಚಿನ 640×480 ಪರದೆ. 2020ರಲ್ಲಿ ಬಂದ ಹ್ಯಾಂಡ್‌ಹೆಲ್ಡ್ ಓಡ್ರಾಯ್ಡ್-ಗೋ ಅಡ್ವಾನ್ಸ್‌ನಲ್ಲಿ ಇದೇ ಚಿಪ್ ಇತ್ತು. ಆಮೇಲೆ ಅಗ್ಗದ ಹ್ಯಾಂಡ್‌ಹೆಲ್ಡ್ ಮಾಡುವವರು ಸಾಲುಸಾಲಾಗಿ ಇದನ್ನೇ ಹಿಡಿದುಕೊಂಡರು. ಮುಲುಂಡಿನ ನಮ್ಮ ಭಾವ ಆನ್‌ಲೈನಿನಲ್ಲಿ ಹುಡುಕಿ ತರಿಸಿದ್ದೂ ಅಂಥದ್ದೇ ಒಂದು. ಪೆಟ್ಟಿಗೆಯ ಮೇಲೆ ‘10,000 ಗೇಮ್’ ಅಂತ ದಪ್ಪಕ್ಷರ. ಒಂದು ಮಳೆಗಾಲ ಕಳೆಯುವುದರೊಳಗೆ ಆನ್ ಆಗುವುದನ್ನೇ ಬಿಟ್ಟಿತ್ತು.

ಭಾವನ ಬೇಡಿಕೆ ಚಿಕ್ಕದು. “ಟೆಕ್ಕನ್ 3, ಮುಸ್ತಫಾ, ಮಾರಿಯೋ ಕಾರ್ಟ್ 64. ಇಷ್ಟು ಸರಿಯಾಗಿ ಓಡಿದ್ರೆ ಸಾಕು ಮಾರಾಯ. ಉಳಿದ ಒಂಬತ್ತು ಸಾವಿರ ಚಿಲ್ಲರೆ ನೀನೇ ಇಟ್ಕೋ.” ಮುಸ್ತಫಾ ಅಂದರೆ ಕ್ಯಾಡಿಲ್ಯಾಕ್ಸ್ ಆಂಡ್ ಡೈನೊಸಾರ್ಸ್, ಕ್ಯಾಪ್‌ಕಾಮ್‌ನ 1993ರ ಆರ್ಕೇಡ್ ಗೇಮ್. ಆ ಇಂಗ್ಲಿಷ್ ಹೆಸರು ಹೇಳಿದರೆ ನಮ್ಮ ಕಡೆ ಯಾರಿಗೂ ಗುರುತು ಸಿಗುವುದಿಲ್ಲ. ಹಳದಿ ಟೊಪ್ಪಿಯ ಮುಸ್ತಫಾ ಅಂದರೆ ಎಲ್ಲರಿಗೂ ಗೊತ್ತು.

ಹಿಂದಿನ ಮುಚ್ಚಳದ ಸ್ಕ್ರೂ ತೆಗೆಯುವ ಮೊದಲೇ ಕಾಯಿಲೆ ಕಾಣುತ್ತಿತ್ತು. ಮುಚ್ಚಳ ಒಂದು ಬದಿಯಲ್ಲಿ ಎದ್ದು ಸಂದಿ ಬಿಟ್ಟಿತ್ತು. ಒಳಗೆ ಬ್ಯಾಟರಿ ಹಪ್ಪಳದ ಹಾಗೆ ಉಬ್ಬಿ ಕೂತಿದೆ. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಬಾರದು. ತೂತಾದರೆ ಬೆಂಕಿ ಹತ್ತಿಕೊಳ್ಳುತ್ತದೆ. ಅಡಿಯಲ್ಲಿ ಎರಡು ಬದಿ ಅಂಟುವ ಟೇಪ್ ಇತ್ತು. ಅಂಚಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ನಾಲ್ಕು ಹನಿ ಬಿಟ್ಟು, ಸ್ವಲ್ಪ ಹೊತ್ತು ಕಾದು, ಹಳೇ ಸಿಮ್ ಕಾರ್ಡ್ ತೂರಿಸಿ ನಿಧಾನಕ್ಕೆ ಬಿಡಿಸಿದೆ. ಮೀಟರ್ ಹಿಡಿದರೆ 3 ವೋಲ್ಟ್‌ಗೂ ಕಡಿಮೆ. ಅದನ್ನು ಮತ್ತೆ ಚಾರ್ಜ್ ಮಾಡಿ ನೋಡುವ ಪ್ರಶ್ನೆಯೇ ಇಲ್ಲ.

ಹೊಸ ಬ್ಯಾಟರಿಗೆ ಲ್ಯಾಮಿಂಗ್ಟನ್ ರೋಡ್. ಡೊಂಬಿವ್ಲಿಯಿಂದ ಫಾಸ್ಟ್ ಲೋಕಲ್ ಹಿಡಿದು ದಾದರಿನಲ್ಲಿ ವೆಸ್ಟರ್ನ್‌ಗೆ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿದರೆ ನಡೆದು ಹೋಗುವಷ್ಟೇ ದೂರ. ಬೋರ್ಡುಗಳ ಮೇಲೆ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ್ ಅಂತಿದ್ದರೂ ಟ್ಯಾಕ್ಸಿಯವರಿಂದ ಹಿಡಿದು ಅಂಗಡಿಯವರವರೆಗೆ ಎಲ್ಲರ ಬಾಯಲ್ಲಿ ಲ್ಯಾಮಿಂಗ್ಟನ್ನೇ. ಬ್ಯಾಟರಿ ಕೇಳುವಾಗ ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನುವ ಲೆಕ್ಕ) ಮೊದಲು ಹೇಳಬೇಡಿ. ಉದ್ದ, ಅಗಲ, ದಪ್ಪ ಹೇಳಿ. ಹಳೇ ಪೌಚ್ ಮೇಲೆ ಸಾಮಾನ್ಯವಾಗಿ ಆರಂಕಿಯ ಸಂಖ್ಯೆ ಇರುತ್ತದೆ. 505060 ಅಂತಿದ್ದರೆ 5.0 ಮಿಲಿಮೀಟರ್ ದಪ್ಪ, 50 ಅಗಲ, 60 ಉದ್ದ. ಅಂಗಡಿಯವನು ಅದೇ ಅಳತೆಯಲ್ಲಿ ‘ಜಾಸ್ತಿ ಎಂಎಎಚ್‌ದು’ ಅಂತ ಇನ್ನೊಂದನ್ನು ಮುಂದೆ ಮಾಡಿದರೆ ಕೈಯಲ್ಲಿ ಎತ್ತಿ ನೋಡಿ. ಅಳತೆ ಅಷ್ಟೇ ಇದ್ದು ತೂಕ ಕಡಿಮೆ ಇದ್ದರೆ ಆ ಸಂಖ್ಯೆ ಸ್ಟಿಕ್ಕರಿನದ್ದು ಮಾತ್ರ.

ಮನೆಗೆ ತಂದ ಮೇಲೆ ಮೊದಲ ಕೆಲಸ ಕನೆಕ್ಟರ್‌ನ ಧ್ರುವ ನೋಡುವುದು. ಎರಡು ಪಿನ್ನಿನ ಚಿಕ್ಕ ಜೆಎಸ್‌ಟಿ ಕನೆಕ್ಟರ್ ಒಂದೇ ದಿಕ್ಕಿನಲ್ಲಿ ಕೂರುತ್ತದೆ ನಿಜ, ಆದರೆ ಕೆಂಪು ತಂತಿ ಎಡಕ್ಕೋ ಬಲಕ್ಕೋ ಅನ್ನುವುದಕ್ಕೆ ಎಲ್ಲರೂ ಒಪ್ಪಿದ ನಿಯಮ ಇಲ್ಲ. ಬೋರ್ಡಿನಲ್ಲಿ ಬ್ಯಾಟರಿ ಸಾಕೆಟ್ ಪಕ್ಕ ‘ಬಿ+’ ಅಂತ ಅಚ್ಚಾಗಿತ್ತು. ಹೊಸ ಬ್ಯಾಟರಿಯ ಕೆಂಪು ತಂತಿ ಅದರ ಎದುರು ಬದಿಗೆ ಬರುತ್ತಿತ್ತು. ಹಾಗೇ ಚುಚ್ಚಿದ್ದರೆ ಚಾರ್ಜಿಂಗ್ ಐಸಿ ಆಗಲೇ ಹೊಗೆ. ತಂತಿ ಕತ್ತರಿಸಿ ಬೆಸೆಯುವ ಅಗತ್ಯವಿಲ್ಲ. ಕನೆಕ್ಟರ್‌ನ ಪ್ಲಾಸ್ಟಿಕ್ ಮೈಯಲ್ಲಿ ಪ್ರತಿ ಪಿನ್ನಿಗೆ ಒಂದು ಪುಟ್ಟ ನಾಲಿಗೆ ಇರುತ್ತದೆ. ಹೊಲಿಗೆ ಸೂಜಿಯ ತುದಿಯಿಂದ ಅದನ್ನು ಎತ್ತಿ ತಂತಿ ಎಳೆದರೆ ಪಿನ್ ಸಮೇತ ಹೊರಗೆ ಬರುತ್ತದೆ. ಮೊದಲು ಕೆಂಪನ್ನು ತೆಗೆದು, ಬೆತ್ತಲೆ ಪಿನ್ನಿಗೆ ಟೇಪ್ ಸುತ್ತಿ, ಆಮೇಲೆ ಕಪ್ಪನ್ನು ತೆಗೆದು ಕೆಂಪಿನ ಜಾಗಕ್ಕೆ ತಳ್ಳಿ, ಕೊನೆಗೆ ಟೇಪ್ ಬಿಚ್ಚಿ ಕೆಂಪನ್ನು ಕೂರಿಸಿದೆ. ಕೂತಾಗ ‘ಟಿಕ್’ ಅನ್ನಬೇಕು. ಎರಡೂ ಪಿನ್ ಒಟ್ಟಿಗೆ ಹೊರಗೆ ನೇತಾಡಿಕೊಂಡಿರಬಾರದು, ತಾಗಿದರೆ ಕಿಡಿ.

ಇಷ್ಟಾದ ಮೇಲೆ ಆನ್ ಆಯಿತು, ಲೋಗೊ ಬಂತು, ಅಲ್ಲೇ ನಿಂತಿತು. ಇದು ಕಾರ್ಡಿನ ಕಾಯಿಲೆ. ಇಂಥ ಡಬ್ಬಿಗಳ ಜೊತೆ ಬರುವ ಹೆಸರಿಲ್ಲದ ಮೈಕ್ರೊ ಎಸ್‌ಡಿ ಕಾರ್ಡನ್ನು ಬಂದ ದಿನವೇ ಬದಲಿಸುವುದು ಒಳ್ಳೆಯದು, ಯಾಕೆಂದರೆ ಲಿನಕ್ಸ್, ಹಳೇ ಯಂತ್ರದಂತೆ ನಟಿಸಿ ಅದರ ಗೇಮ್ ಓಡಿಸುವ ಎಮ್ಯುಲೇಟರ್ ಪ್ರೋಗ್ರಾಮ್, ಸೇವ್ ಎಲ್ಲವೂ ಅದರ ಮೇಲೇ ಇರುತ್ತವೆ. ಲ್ಯಾಪ್‌ಟಾಪಿಗೆ ಹಾಕಿ, ಕೆಟ್ಟ ಕಾರ್ಡಿನಿಂದ ಡೇಟಾ ಎತ್ತುವ ಡಿಡಿರೆಸ್ಕ್ಯೂ ಓಡಿಸಿದೆ. ಓದಲಾಗದ ತುಂಡುಗಳನ್ನು ಬಿಟ್ಟು ಮುಂದೆ ಹೋಗಿ, ಆಮೇಲೆ ತಿರುಗಿ ಬಂದು ಅವನ್ನು ಮತ್ತೆ ಕೆದಕುವುದು ಅದರ ರೀತಿ. ಗೇಮ್‌ಗಳಿಗಾಗಿ ಅಷ್ಟು ಪಾಡು ಪಡಲಿಲ್ಲ. ಹತ್ತು ಸಾವಿರ ಗೇಮ್ ತುಂಬಿ ಮಾರಿದವರು ಹಕ್ಕುದಾರರಿಗೆ ಒಂದು ರೂಪಾಯಿಯನ್ನಾದರೂ ಕೊಟ್ಟಿರುತ್ತಾರೆ ಅನ್ನುವ ಭ್ರಮೆ ನನಗಿಲ್ಲ. ನನಗೆ ಬೇಕಿದ್ದದ್ದು ಬೂಟ್ ಪಾರ್ಟಿಷನ್ನಿನಲ್ಲಿರುವ ಒಂದೇ ಒಂದು ಫೈಲು, ಡಿಟಿಬಿ.

ಡಿವೈಸ್ ಟ್ರೀ ಅನ್ನುವ ಈ ಫೈಲು ಬೋರ್ಡಿನಲ್ಲಿ ಎಲ್ಲಿ ಏನು ಕೂತಿದೆ, ಪರದೆಯನ್ನು ಯಾವ ಕ್ರಮದಲ್ಲಿ ಎಬ್ಬಿಸಬೇಕು ಅಂತ ಲಿನಕ್ಸಿನ ತಿರುಳಾದ ಕರ್ನಲ್‌ಗೆ ಹೇಳುತ್ತದೆ. ಅಗ್ಗದ ಹ್ಯಾಂಡ್‌ಹೆಲ್ಡ್‌ಗಳಲ್ಲಿ ಹೊರಗಿನ ಡಬ್ಬಿ, ಹೆಸರು, ಬಣ್ಣ ಎಲ್ಲ ಒಂದೇ ಇದ್ದರೂ ಒಂದು ಕಂತಿನಲ್ಲಿ ಒಂದು ಪ್ಯಾನೆಲ್, ಮುಂದಿನ ಕಂತಿನಲ್ಲಿ ಇನ್ನೊಂದು. ಬೇರೆ ಪ್ಯಾನೆಲ್ಲಿನ ಡಿಟಿಬಿ ಹಾಕಿದರೆ ಬ್ಯಾಕ್‌ಲೈಟ್ ಹತ್ತುತ್ತದೆ, ಸ್ಪೀಕರಿನಲ್ಲಿ ಮೆನುವಿನ ಸದ್ದೂ ಬರುತ್ತದೆ, ಚಿತ್ರ ಮಾತ್ರ ಇಲ್ಲ. ಜನ ಪರದೆ ಸತ್ತಿತು ಅಂತ ಹೊಸದು ತರಿಸುವುದು ಇಲ್ಲೇ. ಹಳೇ ಕಾರ್ಡಿನಿಂದ ಡಿಟಿಬಿ ಉಳಿಸಿಕೊಂಡು, ಹೊಸ ಕಾರ್ಡನ್ನು ಎಫ್3 ಅನ್ನುವ ಪ್ರೋಗ್ರಾಮಿನಿಂದ ಪೂರ್ತಿ ತುಂಬುವಷ್ಟು ಬರೆದು ಓದಿಸಿ ಅಸಲಿ ಅಂತ ಖಾತ್ರಿ ಮಾಡಿಕೊಂಡು, ಇಂಥ ಡಬ್ಬಿಗಳಿಗೆಂದೇ ಮಾಡಿದ ಲಿನಕ್ಸ್ ಆದ ಆರ್ಕ್‌ಓಎಸ್ ಇಮೇಜ್ ಬರೆದು, ಡಿಟಿಬಿಯನ್ನು ಅದರ ಜಾಗದಲ್ಲಿ ಇಟ್ಟೆ. ಚಿತ್ರ ಬಂತು. ಗುಂಡಿಗಳ ಅಡಿಯ ರಬ್ಬರ್ ಪ್ಯಾಡ್ ಮತ್ತು ಕಾರ್ಬನ್ ಚುಕ್ಕಿಗಳನ್ನು ಆಲ್ಕೊಹಾಲಿನಿಂದ ಒರೆಸಿದೆ. ಮುಂಬೈ ತೇವಕ್ಕೆ ಅವು ಮಂಕಾಗುವುದು ಇದ್ದದ್ದೇ.

ರಿಪೇರಿ ಇಷ್ಟೇ. ನಿಜವಾದ ಕೆಲಸ ಇಲ್ಲಿಂದ ಮುಂದೆ.

ಇಂಥ ಡಬ್ಬಿ ಕೊಂಡವರೆಲ್ಲ ಹಾಕುವ ಲೆಕ್ಕ ಒಂದಿದೆ: ನಿಂಟೆಂಡೊ 64ರ ಪ್ರೊಸೆಸರ್ 93.75 ಮೆಗಾಹರ್ಟ್ಸ್, ನನ್ನ ಕೈಯಲ್ಲಿರುವುದು 1,300 ಮೆಗಾಹರ್ಟ್ಸ್, ಅದೂ ನಾಲ್ಕು. ಹಾಗಾದರೆ ಯಾಕೆ ತಡವರಿಸುತ್ತದೆ? ಭಾವನೂ ಇದನ್ನೇ ಕೇಳಿದ್ದ. ಇದಕ್ಕೆ ಉತ್ತರ ಬೇಕಾದರೆ ಮೆಗಾಹರ್ಟ್ಸ್ ಬಿಟ್ಟು ಫ್ರೇಮಿನ, ಅಂದರೆ ಪರದೆಯ ಒಂದೊಂದು ಚಿತ್ರದ, ಲೆಕ್ಕಕ್ಕೆ ಬರಬೇಕು. ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದಕ್ಕೆ ಸಿಗುವುದು 16.67 ಮಿಲಿಸೆಕೆಂಡ್. ಅಷ್ಟರಲ್ಲಿ ನಮ್ಮ ಒಂದು ಕೋರ್ ಸುಮಾರು 2.17 ಕೋಟಿ ಸೈಕಲ್ ಓಡುತ್ತದೆ. ಆ ಹೊತ್ತಿನೊಳಗೆ ಹಳೇ ಯಂತ್ರದ ಪ್ರೊಸೆಸರ್, ಗ್ರಾಫಿಕ್ಸ್, ಧ್ವನಿ, ಟೈಮರ್ ಎಲ್ಲದರ ಕೆಲಸವೂ ಮುಗಿದಿರಬೇಕು. ಸರಾಸರಿ ಚೆನ್ನಾಗಿದ್ದರೆ ಸಾಲದು. ಒಂದು ಫ್ರೇಮಿಗೆ 20 ಮಿಲಿಸೆಕೆಂಡ್ ಹಿಡಿದರೂ ಸದ್ದು ‘ಚರ್ರ್’ ಅನ್ನುತ್ತದೆ. ಕಣ್ಣಿಗೆ ತಪ್ಪಿಸಿಕೊಂಡದ್ದನ್ನು ಕಿವಿ ಹಿಡಿಯುತ್ತದೆ.

ನಾಲ್ಕು ಕೋರ್ ಇದ್ದೂ ಪ್ರಯೋಜನ ಕಡಿಮೆ. ಹಳೇ ಯಂತ್ರದಲ್ಲಿ ಪ್ರೊಸೆಸರ್ ಬರೆದದ್ದನ್ನು ಗ್ರಾಫಿಕ್ಸ್ ಚಿಪ್ ಮರುಕ್ಷಣ ಓದುತ್ತದೆ, ಧ್ವನಿಯ ಚಿಪ್ ಉತ್ತರ ಕೊಡುವವರೆಗೆ ಪ್ರೊಸೆಸರ್ ಕಾಯುತ್ತದೆ. ಒಂದೊಂದನ್ನು ಒಂದೊಂದು ಕೋರಿಗೆ ಹಂಚಿದರೆ ಅವು ಕೆಲಸಕ್ಕಿಂತ ಹೆಚ್ಚು ಹೊತ್ತು ಒಬ್ಬರಿಗೊಬ್ಬರು ಕಾಯುವುದರಲ್ಲೇ ಕಳೆಯುತ್ತವೆ. ಹಾಗಾಗಿ ಬಹುತೇಕ ಭಾರ ಒಂದೇ ಕೋರಿನ ಮೇಲೆ. ಸಾಲದ್ದಕ್ಕೆ ಆ ಎ35 ಆದೇಶಗಳನ್ನು ಬಂದ ಸರದಿಯಲ್ಲೇ ಮುಗಿಸುವ ಜಾತಿ. ರ‍್ಯಾಮಿನಿಂದ ಡೇಟಾ ಬರುವುದು ತಡವಾದರೆ ಹಿಂದಿನದ್ದನ್ನೆಲ್ಲ ನಿಲ್ಲಿಸಿಕೊಂಡು ಕಾಯುತ್ತದೆ. ದೊಡ್ಡ ಫೋನಿನ ಪ್ರೊಸೆಸರ್ ಅಷ್ಟರಲ್ಲಿ ಬೇರೆ ಕೆಲಸ ಮಾಡಿ ಮುಗಿಸಿರುತ್ತದೆ. ಆದ್ದರಿಂದ ಇಲ್ಲಿಯ 1.3 ಗಿಗಾಹರ್ಟ್ಸನ್ನು ಫೋನಿನ ಗಿಗಾಹರ್ಟ್ಸ್ ಜೊತೆ ತೂಗಬೇಡಿ.

ನಾವು ಚಿಕ್ಕವರಿದ್ದಾಗ ‘ಕ್ಯಾಸೆಟ್’ ಹಾಕಿ ಆಡಿದ ಟಿವಿ ಗೇಮ್‌ಗಳು ನಿಂಟೆಂಡೊದ 8-ಬಿಟ್ ಯಂತ್ರದ ನಕಲು. ಪ್ರೊಸೆಸರ್ 1.79 ಮೆಗಾಹರ್ಟ್ಸ್, ಇಲ್ಲಿ ನೀರು ಕುಡಿದಷ್ಟು ಸಲೀಸು. ಎಷ್ಟು ಸಲೀಸೆಂದರೆ ರನ್-ಅಹೆಡ್ ಹಾಕುವುದಕ್ಕೂ ಜಾಗ ಉಳಿಯುತ್ತದೆ. ಒಂದು ಫ್ರೇಮನ್ನು ಮುಂದಾಗಿ ಓಡಿಸಿ ನೋಡಿ ಗುಂಡಿ ಒತ್ತಿದ್ದಕ್ಕೂ ಪರದೆಯಲ್ಲಿ ಕಾಣುವುದಕ್ಕೂ ನಡುವಿನ ತಡವನ್ನು ಕಡಿಮೆ ಮಾಡುವ ಉಪಾಯ ಅದು. ಎಮ್ಯುಲೇಷನ್ ಖರ್ಚು ಹೆಚ್ಚುಕಡಿಮೆ ಇಮ್ಮಡಿ. ಕಾಂಟ್ರಾದಲ್ಲಿ ಹಾರುವಾಗ ವ್ಯತ್ಯಾಸ ಕೈಗೇ ತಿಳಿಯುತ್ತದೆ. ಇದಕ್ಕಿಂತ ದೊಡ್ಡ ಯಂತ್ರಗಳಿಗೆ ಈ ಡಬ್ಬಿಯಲ್ಲಿ ರನ್-ಅಹೆಡ್ ಆನ್ ಮಾಡುವುದು ಕೈಯಾರೆ ತಂದುಕೊಳ್ಳುವ ತೊಂದರೆ.

ಸೂಪರ್ ನಿಂಟೆಂಡೊದಲ್ಲಿ ವಿಷಯ ಶುರುವಾಗುತ್ತದೆ. ಅದರ ಪ್ರೊಸೆಸರ್ ಗರಿಷ್ಠ 3.58 ಮೆಗಾಹರ್ಟ್ಸ್. ಭಾಗಿಸಿದರೆ ಅದರ ಒಂದು ಸೈಕಲ್‌ಗೆ ನಮ್ಮ 360ರಷ್ಟು ಸೈಕಲ್ ಸಿಗುತ್ತವೆ, ಧಾರಾಳ ಅನಿಸುತ್ತದೆ. ಆದರೆ ಬಿಎಸ್‌ನೆಸ್ ಅನ್ನುವ ಎಮ್ಯುಲೇಟರ್ ಬರೆದವರು 2011ರಲ್ಲೇ ಇದಕ್ಕೆ 3 ಗಿಗಾಹರ್ಟ್ಸ್ ಕಂಪ್ಯೂಟರ್ ಬೇಕು ಅಂತ ವಾದಿಸಿದ್ದರು. ಪ್ರತಿ ಕೆಲವು ಸೈಕಲ್‌ಗೊಮ್ಮೆ ಪ್ರೊಸೆಸರ್, ಚಿತ್ರದ ಚಿಪ್, ಧ್ವನಿಯ ಚಿಪ್ ಮೂರನ್ನೂ ಒಂದೇ ಹೆಜ್ಜೆಗೆ ತಂದು ನಿಲ್ಲಿಸುವ ಖರ್ಚು ಅದು. ಸ್ನೆಸ್9ಎಕ್ಸ್ ಅನ್ನುವ ಇನ್ನೊಂದು ಎಮ್ಯುಲೇಟರ್ ಅಷ್ಟು ಸಣ್ಣ ಹೆಜ್ಜೆ ಇಡುವುದಿಲ್ಲ, ಆದ್ದರಿಂದ ಇಲ್ಲಿ ಓಡುತ್ತದೆ. ಅಡ್ಡದಾರಿ ಹಿಡಿದರೆ ಏನು ಕಳೆದುಹೋಗುತ್ತದೆ ಅಂತ ಕಣ್ಣಾರೆ ನೋಡಬೇಕಾದರೆ ಏರ್ ಸ್ಟ್ರೈಕ್ ಪಟ್ರೋಲ್ ಅನ್ನುವ ಗೇಮಿನ ವಿಮಾನದ ನೆರಳು ಪ್ರಸಿದ್ಧ ಉದಾಹರಣೆ. ಪರದೆಯ ಒಂದು ಗೆರೆ ಎಳೆಯುತ್ತಿರುವ ನಡುವೆಯೇ ಹೊಳಪು ಬದಲಿಸಿ ಮಾಡಿದ ನೆರಳದು. ಗೆರೆಗೊಮ್ಮೆ ಮಾತ್ರ ಲೆಕ್ಕ ನೋಡುವ ಎಮ್ಯುಲೇಟರಿನಲ್ಲಿ ನೆರಳೇ ಬೀಳುವುದಿಲ್ಲ. ಯೋಶಿಸ್ ಐಲ್ಯಾಂಡ್‌ನಂಥ ಗೇಮ್‌ಗಳ ಕ್ಯಾಸೆಟ್ಟಿನೊಳಗೇ ಸೂಪರ್ ಎಫ್‌ಎಕ್ಸ್ ಅನ್ನುವ ಇನ್ನೊಂದು ಪ್ರೊಸೆಸರ್ ಇದೆ. ಅಲ್ಲಿ ಹೊಸ ಸ್ನೆಸ್9ಎಕ್ಸ್ ಸದ್ದು ತಡವರಿಸಿತು. 2010ರ ಹಳೇ ಆವೃತ್ತಿಗೆ ಬದಲಿಸಿದೆ, ಸರಿಹೋಯಿತು. ಗ್ರೇಡಿಯಸ್ 3 ನಿಧಾನ ಅಂತ ಮಾತ್ರ ಯಾವ ಸೆಟ್ಟಿಂಗನ್ನೂ ತಿರುಗಿಸಬೇಡಿ. ಅದು ಅಸಲಿ ಯಂತ್ರದಲ್ಲೂ ಹಾಗೇ ಎಳೆಯುತ್ತಿತ್ತು.

ಮುಸ್ತಫಾ ಯಾವ ತಕರಾರೂ ಇಲ್ಲದೆ ಎಫ್‌ಬಿ ನಿಯೊ ಅನ್ನುವ ಆರ್ಕೇಡ್ ಎಮ್ಯುಲೇಟರಿನಲ್ಲಿ ಓಡಿತು. ಆರ್ಕೇಡ್‌ನಲ್ಲಿ ವೇಗಕ್ಕಿಂತ ರಗಳೆ ಫೈಲಿನದ್ದು. ಜಿಪ್ಪಿನೊಳಗಿನ ಚಿಪ್ ಫೈಲುಗಳು ಆ ಎಮ್ಯುಲೇಟರಿನ ಆವೃತ್ತಿ ನಿರೀಕ್ಷಿಸುವ ಪಟ್ಟಿಗೆ ತಾಳೆಯಾಗದಿದ್ದರೆ ಕಪ್ಪು ಪರದೆ ತೋರಿಸಿ ವಾಪಸ್ ಮೆನುವಿಗೆ ಎಸೆಯುತ್ತದೆ.

ಟೆಕ್ಕನ್ 3ಕ್ಕೆ ಬಂದರೆ, ಈ ಡಬ್ಬಿಯ ಮಾನ ಉಳಿಸುವುದು ಪ್ಲೇಸ್ಟೇಷನ್ನೇ. 33.87 ಮೆಗಾಹರ್ಟ್ಸ್‌ನ ಮಿಪ್ಸ್ ಪ್ರೊಸೆಸರ್, 2 ಎಂಬಿ ರ‍್ಯಾಮ್. ಪಿಸಿಎಸ್‌ಎಕ್ಸ್ ರಿಆರ್ಮ್ಡ್ ಅನ್ನುವ ಎಮ್ಯುಲೇಟರ್ ಮಿಪ್ಸ್ ಆದೇಶಗಳನ್ನು ಒಂದೊಂದಾಗಿ ಓದಿ ಅರ್ಥ ಹೇಳುತ್ತ ಕೂರುವುದಿಲ್ಲ. ಒಂದು ತುಂಡನ್ನು ಒಟ್ಟಿಗೆ ನಮ್ಮ ಚಿಪ್ಪಿನ ಆರ್ಮ್ ಆದೇಶಗಳಾಗಿ ಬದಲಿಸಿ ಇಟ್ಟುಕೊಂಡು, ಮುಂದಿನ ಸಲ ಅದನ್ನೇ ನೇರ ಓಡಿಸುತ್ತದೆ. ಪಂಡೋರಾ ಅನ್ನುವ ಇನ್ನೂ ಬಡ ಹ್ಯಾಂಡ್‌ಹೆಲ್ಡ್‌ಗಾಗಿ ಕಡೆದ ಸರಕು ಅದು. ಚಿತ್ರ ಬಿಡಿಸುವುದಕ್ಕೂ ಆರ್ಮ್‌ನ ನಿಯಾನ್ ಆದೇಶಗಳನ್ನು ಬಳಸುತ್ತದೆ. ಮೂಲತಃ 32-ಬಿಟ್‌ಗೆ ಬರೆದದ್ದಾದ್ದರಿಂದ 32-ಬಿಟ್ ಆವೃತ್ತಿಯನ್ನೇ ಹಾಕಿದೆ. ಭಾವನ ಬಳಿ ಇದ್ದ ಡಿಸ್ಕನ್ನು ಲ್ಯಾಪ್‌ಟಾಪಿನಲ್ಲಿ ಓದಿಸಿ ಸಿಎಚ್‌ಡಿ ಅನ್ನುವ ಕುಗ್ಗಿಸಿದ ಫೈಲು ಮಾಡಿಕೊಂಡೆ. ಹೊಡೆದಾಟ 60 ಫ್ರೇಮಿನಲ್ಲಿ ಕದಲದೆ ನಿಂತಿತು. ರೆಸಲ್ಯೂಷನ್ ಹೆಚ್ಚಿಸುವ ಆಯ್ಕೆಯೊಂದಿದೆ. ಅದನ್ನು ಮುಟ್ಟಿದರೆ ಬಿಡಿಸಬೇಕಾದ ಚುಕ್ಕಿಗಳು ನಾಲ್ಕು ಪಟ್ಟು, ಆ ಕೆಲಸ ಮಾಡುವುದೂ ಇದೇ ಬಡ ಪ್ರೊಸೆಸರ್.

ಇನ್ನು ಮಾರಿಯೋ ಕಾರ್ಟ್. ನಿಂಟೆಂಡೊ 64ರ ಗ್ರಾಫಿಕ್ಸ್ ಚಿಪ್ಪಿಗೆ ಪ್ರತಿ ಗೇಮ್ ತನ್ನ ಜೊತೆಗೇ ಮೈಕ್ರೊಕೋಡ್ (ಆ ಚಿಪ್ಪಿಗೆಂದೇ ಬರೆದ ಪುಟ್ಟ ಪ್ರೋಗ್ರಾಮ್) ತಂದು ತುಂಬುತ್ತದೆ. ಆ ಚಿಪ್ಪನ್ನು ಆದೇಶ ಆದೇಶವಾಗಿ ಅನುಕರಿಸುವುದು ಇಲ್ಲಿ ಕನಸಿನ ಮಾತು. ಹಾಗಾಗಿ ಎಮ್ಯುಲೇಟರಿಗೆ ಚಿತ್ರ ಬಿಡಿಸಿಕೊಡುವ ಪ್ಲಗಿನ್‌ಗಳು ‘ಓ, ಇದು ಆ ಮೈಕ್ರೊಕೋಡ್’ ಅಂತ ಗುರುತು ಹಿಡಿದು, ಅದು ಏನು ಮಾಡಲು ಹೊರಟಿದೆ ಅಂತ ಊಹಿಸಿ ನೇರವಾಗಿ ನಮ್ಮ ಗ್ರಾಫಿಕ್ಸ್ ಚಿಪ್ಪಿಗೆ ಕೆಲಸ ಹೇಳುವ ಓಪನ್‌ಜಿಎಲ್‌ಗೆ ಒಪ್ಪಿಸುತ್ತವೆ. ಗುರುತು ಸಿಕ್ಕರೆ ಸರಿ. ಫ್ಯಾಕ್ಟರ್ 5 ತಂಡ ತನ್ನ ಗೇಮ್‌ಗಳಿಗೆ ತಾನೇ ಮೈಕ್ರೊಕೋಡ್ ಬರೆದುಕೊಂಡದ್ದರಿಂದ ಅವು ವರ್ಷಗಟ್ಟಲೆ ದೊಡ್ಡ ಕಂಪ್ಯೂಟರುಗಳಲ್ಲೂ ಈ ದಾರಿಯಲ್ಲಿ ಓಡಲಿಲ್ಲ.

ರೈಸ್ ಅನ್ನುವ ಹಗುರ ಪ್ಲಗಿನ್ ಹಾಕಿ 320×240ರಲ್ಲಿ ಲುಯಿಗಿ ರೇಸ್‌ವೇ ತೆರೆದೆ. ಆಟ ಸರಾಗ. ಆ ಟ್ರ್ಯಾಕಿನ ಬದಿಯಲ್ಲಿ ಒಂದು ದೊಡ್ಡ ಪರದೆ ನಿಂತಿದೆ. ಅಸಲಿ ಯಂತ್ರದಲ್ಲಿ ಅದರೊಳಗೆ ಓಡುತ್ತಿರುವ ರೇಸೇ ಕಾಣುತ್ತದೆ. ಇಲ್ಲಿ ಅದರಲ್ಲಿ ಏನೂ ಇಲ್ಲ. ಅಸಲಿ ಯಂತ್ರದಲ್ಲಿ ಪ್ರೊಸೆಸರಿಗೂ ಗ್ರಾಫಿಕ್ಸಿಗೂ ಒಂದೇ 4 ಎಂಬಿ ಮೆಮೊರಿ. ಬಿಡಿಸಿದ ಚಿತ್ರವನ್ನು ಪ್ರೊಸೆಸರ್ ಅಲ್ಲಿಂದಲೇ ಎತ್ತಿ ಈ ಪರದೆಗೆ ಅಂಟಿಸುತ್ತದೆ, ಖರ್ಚೇ ಇಲ್ಲ. ನಮ್ಮ ಡಬ್ಬಿಯಲ್ಲಿ ಮಾಲಿ ಚಿತ್ರವನ್ನು ತುಂಡು ತುಂಡಾಗಿ, ಕೆಲಸ ಕೂಡಿಹಾಕಿಕೊಂಡು ಆಮೇಲೆ ಬಿಡಿಸುತ್ತದೆ. ‘ಈಗಲೇ ತೋರಿಸು’ ಅಂದರೆ ಕೂಡಿಟ್ಟದ್ದನ್ನೆಲ್ಲ ಆ ಕ್ಷಣದಲ್ಲಿ ಮುಗಿಸಬೇಕು, ಅಲ್ಲಿಯವರೆಗೆ ಪ್ರೊಸೆಸರ್ ಕೈಕಟ್ಟಿ ನಿಲ್ಲಬೇಕು. ಜಿಲೈಡೆನ್64 ಪ್ಲಗಿನ್‌ಗೆ ಬದಲಿಸಿ ಬಿಡಿಸಿದ ಚಿತ್ರವನ್ನು ಮೆಮೊರಿಗೆ ತರುವ ಫ್ರೇಮ್‌ಬಫರ್ ನಕಲು ಆನ್ ಮಾಡಿದೆ. ಟ್ರ್ಯಾಕಿನ ಪರದೆಯಲ್ಲಿ ರೇಸ್ ಮೂಡಿತು. ಜೊತೆಗೇ ತಿರುವುಗಳಲ್ಲಿ ಸಂಗೀತ ಎಳೆಯತೊಡಗಿತು. ಯಾವ ಸೆಟ್ಟಿಂಗ್ ಹುಡುಕಿದರೂ ಎರಡೂ ಒಟ್ಟಿಗೆ ಸಿಗುವುದಿಲ್ಲ, ಅಷ್ಟಕ್ಕೆ ಬಿಟ್ಟೆ.

ಕುತೂಹಲಕ್ಕೆ ಉಳಿದ ಫೋಲ್ಡರುಗಳನ್ನೂ ತೆರೆದೆ. ಸೆಗಾದ ಸ್ಯಾಟರ್ನ್ 1994ರದ್ದು, 28.6 ಮೆಗಾಹರ್ಟ್ಸ್‌ನ ಎರಡು ಎಸ್‌ಎಚ್-2 ಪ್ರೊಸೆಸರ್. ಡ್ರೀಮ್‌ಕಾಸ್ಟ್ 1998ರದ್ದು, 200 ಮೆಗಾಹರ್ಟ್ಸ್‌ನ ಒಂದು ಎಸ್‌ಎಚ್-4. ಮೆಗಾಹರ್ಟ್ಸ್ ಲೆಕ್ಕ ನಿಜವಾಗಿದ್ದರೆ ಸ್ಯಾಟರ್ನ್ ಸುಲಭ ಆಗಬೇಕಿತ್ತು. ಆದದ್ದು ಉಲ್ಟಾ. ಡ್ರೀಮ್‌ಕಾಸ್ಟಿನ ಕೆಲವು ಗೇಮ್ ಫ್ಲೈಕಾಸ್ಟ್ ಎಮ್ಯುಲೇಟರಿನಲ್ಲಿ ಆಡುವಷ್ಟು ಓಡುತ್ತವೆ, ಸ್ಯಾಟರ್ನ್ ಬಹುತೇಕ ತೆವಳುತ್ತದೆ. ಡ್ರೀಮ್‌ಕಾಸ್ಟಿನ ಪವರ್‌ವಿಆರ್ ಬಿಡಿಸುವುದು ತ್ರಿಕೋನಗಳನ್ನು. ಮಾಲಿಯ ಭಾಷೆಯೂ ಅದೇ. ಸ್ಯಾಟರ್ನಿನದ್ದು ಚೌಕ ತುಂಡುಗಳನ್ನು ತಿರುಚಿ ಅಂಟಿಸುವ ಒಂದು ಚಿಪ್, ಹಿನ್ನೆಲೆ ಪದರಗಳಿಗೆ ಇನ್ನೊಂದು, ಧ್ವನಿಗೆ ಬೇರೆಯೇ 68000 ವಂಶದ ಪ್ರೊಸೆಸರ್, ಮೇಲಿಂದ ಎರಡು ಎಸ್‌ಎಚ್-2ಗಳೂ ಡೇಟಾ ಓಡಾಡುವ ಒಂದೇ ದಾರಿಗೆ (ಬಸ್) ಜಗಳ. ಇವನ್ನೆಲ್ಲ ಒಂದೇ ತಾಳಕ್ಕೆ ಕುಣಿಸುವುದಕ್ಕೇ ಫ್ರೇಮಿನ ಹೊತ್ತು ಮುಗಿಯುತ್ತದೆ. ಸೋನಿಯ ಹ್ಯಾಂಡ್‌ಹೆಲ್ಡ್ ಪಿಎಸ್‌ಪಿಯ ವಿಷಯದಲ್ಲಿ ನಮ್ಮದು ನೇರ ಬಡತನ: 333 ಮೆಗಾಹರ್ಟ್ಸ್‌ವರೆಗೆ ಹೋಗುವ ಪ್ರೊಸೆಸರಿನ ಒಂದು ಸೈಕಲ್‌ಗೆ ನಮ್ಮಲ್ಲಿರುವುದು ನಾಲ್ಕೂ ಇಲ್ಲ. ಹಗುರ ಗೇಮ್‌ಗಳು ಫ್ರೇಮ್ ಹಾರಿಸಿಕೊಂಡು ಓಡುತ್ತವೆ, ಅಷ್ಟೇ.

ಪ್ರೊಸೆಸರನ್ನು ಸದಾ ಗರಿಷ್ಠ ವೇಗದಲ್ಲಿ ನಿಲ್ಲಿಸುವ ಆಯ್ಕೆಯನ್ನು ನಿಂಟೆಂಡೊ 64ಕ್ಕೆ ಮಾತ್ರ ಇಟ್ಟೆ. ಅದಕ್ಕೂ ಮೀರಿ ಓಡಿಸುವ ಓವರ್‌ಕ್ಲಾಕ್ ಗೊಡವೆಗೆ ಹೋಗಲಿಲ್ಲ, ಬಿಸಿಯಾದರೆ ಕಷ್ಟ. ಹಿಂದೆ ಪ್ಲಾಸ್ಟಿಕ್ ಮುಚ್ಚಳ, ಅದಕ್ಕೆ ಆತು ಹೊಸ ಬ್ಯಾಟರಿ.

ಸ್ಯಾಟರ್ನ್ ಫೋಲ್ಡರ್ ಅಳಿಸಿ ಭಾವನಿಗೆ ಕೊಟ್ಟೆ. “ಭಾವ, ಟ್ರ್ಯಾಕ್ ಪಕ್ಕದ ಟಿವಿ ಬೇಕಾ, ಸ್ಪೀಡ್ ಬೇಕಾ? ನೀವೇ ಹೇಳಿ” ಅಂದೆ. ಎರಡನ್ನೂ ಒಂದೊಂದು ಸುತ್ತು ಓಡಿಸಿ ನೋಡಿ, “ರೇಸ್ ಆಡುವಾಗ ಪಕ್ಕದ ಟಿವಿ ಯಾರು ನೋಡ್ತಾರೆ ಮಾರಾಯ” ಅಂದ. ರೈಸ್‌ಗೇ ಲಾಕ್ ಮಾಡಿದೆ. ಒಂದೇ ಬಾಕಿ: ಇದರ ಟೈಪ್-ಸಿ ಸಾಕೆಟ್ಟಿನಲ್ಲಿ ಡಬ್ಬಿ ಸಿಕ್ಕಿಸಿದೆ ಅಂತ ಚಾರ್ಜರಿಗೆ ತಿಳಿಸುವ ಸಿಸಿ ಪಿನ್ನಿಗೆ ಇರಬೇಕಾದ 5.1 ಕಿಲೊ ಓಮ್ ರೆಸಿಸ್ಟರ್‌ಗಳೇ ಇಲ್ಲ, ಹಾಗಾಗಿ ಎರಡೂ ತುದಿ ಸಿ ಇರುವ ಹೊಸ ಚಾರ್ಜರ್ ಚುಚ್ಚಿದರೆ ಕರೆಂಟೇ ಬರುವುದಿಲ್ಲ. ಬೋರ್ಡಿನಲ್ಲಿ ಅವಕ್ಕೆ ಜಾಗವನ್ನೂ ಬಿಟ್ಟಿಲ್ಲ. ಸದ್ಯಕ್ಕೆ ಒಂದು ತುದಿ ಹಳೇ ದೊಡ್ಡ ಯುಎಸ್‌ಬಿ ಇರುವ ಕೇಬಲ್ ಜೊತೆಗಿಟ್ಟು, ಇದರಲ್ಲೇ ಚಾರ್ಜ್ ಮಾಡಿ ಅಂತ ಹೇಳಿದ್ದೇನೆ.